ಮೂವತ್ತೆಂಟನೆಯ ಹೆಸರು

ಮೊಸರಿನಲ್ಲಿ ಒಂಬತ್ತು ದಿನ ನೆನೆದು ಹುಳಿಯೆದ್ದ ಗೋಧಿ ನುಚ್ಚನ್ನು ಬಿಸಿಲಿಗೆ ಹರವಿದಾಗ ಏಳುವ ವಾಸನೆಗೆ ಪಟ್ಟಣದವರು ಮೂಗು ಮುಚ್ಚಿಕೊಳ್ಳುತ್ತಾರೆ. ವಿದಾದ್‌ಗೆ ಅದು ಅಜ್ಜಿಯ ಅಂಗೈ. ಏಳು ವರ್ಷದವಳಿದ್ದಾಗ ತಾರಸಿಯ ಮೇಲೆ ಅಜ್ಜಿಯ ಪಕ್ಕ ಕುಳಿತು, ಅರೆ ಒಣಗಿದ ಉಂಡೆಗಳನ್ನು ಎರಡು ಕೈಗಳ ನಡುವೆ ಉಜ್ಜಿ ಕಿಶ್ಕ್ ಪುಡಿ ಮಾಡುತ್ತಿದ್ದಳು. ಸಂಜೆಯ ಹೊತ್ತಿಗೆ ಕೈ ಉರಿ. ಅಜ್ಜಿ ಆಲಿವ್ ಎಣ್ಣೆ ಸವರಿ ಊದುತ್ತಿದ್ದಳು.

ಐವತ್ತು ವರ್ಷಗಳ ಮೇಲೆ ಅದೇ ವಾಸನೆ ಐನ್ ಸರೀನ್ ಊರಿನ ತಾರಸಿಗಳಿಂದ ಇಳಿದುಬಂದು, ಇಗರ್ಜಿಯ ಹಿಂದಿನ ಸ್ಮಶಾನದಲ್ಲಿ ಅವಳನ್ನು ಹಿಡಿದು ನಿಲ್ಲಿಸಿತು.

ಕೈಯಲ್ಲಿ ಮೂವತ್ತೆಂಟು ಹೆಸರುಗಳ ಪಟ್ಟಿ. ಎದುರಿಗೆ ಒಂದು ಬೂದು ಕಲ್ಲು. ಅದರ ಮೇಲೆ, ಹಸೀಬಾ, ಶಾಹೀನನ ಮಗಳು. ಹನ್ನೆರಡು ವರ್ಷದ ಹಿಂದಿನ ಫೆಬ್ರವರಿ. ಪಟ್ಟಿಯ ಕಟ್ಟಕಡೆಯ ಹೆಸರು ಇದೇ.

ವಿದಾದ್ ಪೆನ್ಸಿಲಿನಿಂದ ಗುರುತು ಹಾಕಿ, ಸಿಕ್ಕ ಗೋರಿಗಳನ್ನು ಎಣಿಸಿದಳು. ಇಪ್ಪತ್ತೊಂದು.

ಸತ್ತವರನ್ನು ಬದುಕಿದ್ದಾರೆಂದು ತೋರಿಸಿ ಈ ಊರು ಸರ್ಕಾರದಿಂದ ಹೆಚ್ಚು ಪಾಲು ತಿನ್ನುತ್ತಿದೆ ಎಂದು ದೂರುವ ಸಹಿಯಿಲ್ಲದ ಪತ್ರವೊಂದು ಈ ಪಟ್ಟಿಯ ಸಮೇತ ಬೈರುತ್‌ನ ಕಚೇರಿಗೆ ತಲುಪಿ, ಅದರ ನಿಜ ತಿಳಿಯಲು ಅವಳು ಇಲ್ಲಿಗೆ ಬಂದು ಇಂದಿಗೆ ಮೂರನೆಯ ದಿನ. ನಾಳೆ ಮಧ್ಯಾಹ್ನದೊಳಗೆ ವರದಿ ಹೋಗಬೇಕು.

ಊರೂರಿನ ಪುರಸಭೆಗೆ ಸರ್ಕಾರ ಕೊಡುವ ಪಾಲು ನಿಂತಿರುವುದೇ ಹೆಸರುಗಳ ಮೇಲೆ. ಆ ಊರಿನಲ್ಲಿ ಎಷ್ಟು ಜನ ಬದುಕುತ್ತಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಆ ಊರಿನ ದಫ್ತರದಲ್ಲಿ ಎಷ್ಟು ಹೆಸರಿವೆ ಎಂಬುದಷ್ಟೇ ಲೆಕ್ಕ. ಸುಳ್ಳು ಹೆಸರು ಇಪ್ಪತ್ತರವರೆಗೆ ಇದ್ದರೆ ತಿದ್ದುಪಡಿ ಸಾಕು. ಇಪ್ಪತ್ತೊಂದಾದರೆ ಇಡೀ ಊರಿನ ಎಣಿಕೆ ಮತ್ತೆ ಆಗುವವರೆಗೆ ಪಾಲಿಗೆ ತಡೆ. ಮತ್ತೆ ಎಣಿಕೆ ಎಂದರೆ ಬರುವ ವಸಂತ.

ಅಷ್ಟು ಹೊತ್ತು ಕಾಯಲಾರದ್ದು ಈ ಊರಿನಲ್ಲಿ ಒಂದೇ ಇತ್ತು. ಇಗರ್ಜಿಯ ಎದುರಿನ ಎರಡು ಕೋಣೆಯ ದವಾಖಾನೆ. ನುಹಾದ್ ಎಂಬ ದಾದಿ, ಒಂದು ಹಾಸಿಗೆ, ಒಂದು ಔಷಧಿಯ ಕಪಾಟು, ಒಂದು ಸೀಮೆಎಣ್ಣೆ ಒಲೆ. ಡಿಸೆಂಬರಿನಲ್ಲಿ ಹಿಮ ಬಿದ್ದು ಘಟ್ಟದ ದಾರಿ ಮುಚ್ಚಿದರೆ ಮೂರು ತಿಂಗಳು ಊರಿಗೆ ಅದೇ ಆಸ್ಪತ್ರೆ, ಅವಳೇ ಡಾಕ್ಟರು. ಪಾಲು ನಿಂತರೆ ಅಕ್ಟೋಬರಿಗೇ ಬೀಗ.

ಇಪ್ಪತ್ತು ಮತ್ತು ಇಪ್ಪತ್ತೊಂದರ ನಡುವೆ ಇದ್ದದ್ದು ಈ ಹಸೀಬಾ.

ಇಳಿಜಾರಿನಲ್ಲಿ ನಡೆಯಲು ವಿದಾದ್ ಕೋಲು ಊರಿಕೊಂಡಳು. ಆ ಕೋಲು ಅವಳದ್ದಲ್ಲ. ನಿನ್ನೆ ಇಲ್ಲಿಯೇ ಜಾರಿ ಮಂಡಿ ತರಚಿಕೊಂಡಿದ್ದಳು. ಇಂದು ಬೆಳಿಗ್ಗೆ ಬಂದು ನೋಡಿದರೆ ಗೇಟಿಗೆ ನಯವಾದ ಓಕ್ ಕೋಲೊಂದು ಒರಗಿತ್ತು. ಸುತ್ತ ಯಾರೂ ಇರಲಿಲ್ಲ. ಮೇಲಿನ ದಿಬ್ಬದಲ್ಲಿ ಹಳೆಯ ರೇಷ್ಮೆ ಕಾರ್ಖಾನೆ ಮಾತ್ರ, ಕಿಟಕಿಗಳಿಗೆಲ್ಲ ಹಲಗೆ ಬಡಿದು. ಮೂವತ್ತು ವರ್ಷದಿಂದ ಅಲ್ಲಿ ಬಾವಲಿಗಳ ಸಂಸಾರ ಎಂದು ಮೊದಲ ದಿನವೇ ಹೇಳಿದ್ದರು. ಅದರ ತಾರಸಿಯ ಮೇಲೂ ಒಂದು ಬಿಳಿ ಬಟ್ಟೆ ಹರವಿತ್ತು. ಊರಿನ ತಾರಸಿಗಳೆಲ್ಲ ತುಂಬಿರುವ ಕಾಲ, ಯಾರೋ ಜಾಗವಿಲ್ಲದೆ ಅಲ್ಲಿ ಒಣಗಿಸಿರಬೇಕು ಎಂದುಕೊಂಡಳು.

ಪತ್ರ ಬರೆದವರು ಯಾರು ಎಂಬುದಕ್ಕೆ ನಿನ್ನೆಯವರೆಗೆ ಅವಳ ಮನಸ್ಸಿನಲ್ಲಿ ಇದ್ದದ್ದು ಒಬ್ಬನೇ. ಕಡಲ ದಂಡೆಯ ಹಾರತ್ ಸಿದ್ರ ಪಟ್ಟಣದ ಪುರಸಭೆಯ ಅಧ್ಯಕ್ಷ ಶುಕ್ರಿ ದಬ್ಬಾಸ್.

ನಿನ್ನೆ ಜಿಲ್ಲಾ ಪಟ್ಟಣದಲ್ಲಿ ಹದಿನಾಲ್ಕು ಪುರಸಭೆಗಳ ಕೂಟ ಸೇರಿತ್ತು. ವರ್ಷದ ಪಾಲಿನ ಪಟ್ಟಿ ಬೈರುತ್‌ಗೆ ಹೋಗುವ ಮೊದಲು ಎಲ್ಲರೂ ಒಮ್ಮೆ ಜಗಳವಾಡಿಯೇ ಕಳಿಸುವುದು ಅಲ್ಲಿನ ವಾಡಿಕೆ. ಪಾಲು ತಡವಾಗಿ ಬರುತ್ತದೆ, ಬರುವಷ್ಟರಲ್ಲಿ ಲಿರಾದ ಬೆಲೆ ಬತ್ತಿ ಒಣದ್ರಾಕ್ಷಿಯಾಗಿರುತ್ತದೆ ಎಂದು ಒಬ್ಬರು ಗೊಣಗಿದರು. ಗುಡ್ಡದ ಊರುಗಳಿಗೆ ಹಿಮ ತೆಗೆಯಲು ಬೇರೆ ಎಣಿಕೆ ಬೇಕು ಎಂದು ಇನ್ನೊಬ್ಬರು. ಆಮೇಲೆ ಶುಕ್ರಿ ಎದ್ದು ನಿಂತ. ದಪ್ಪ ಮನುಷ್ಯ, ಕೈಯಲ್ಲಿ ಸೇಬು ಹೆಚ್ಚುವ ಚಾಕು.

"ನನ್ನೂರಲ್ಲಿ ಅರವತ್ತು ಸಾವಿರ ಜನ ಕಸ ಹಾಕ್ತಾರೆ. ಪಾಲು ಬರೋದು ಒಂಬತ್ತು ಸಾವಿರ ಜನಕ್ಕೆ. ಉಳಿದವರ ಹೆಸರೆಲ್ಲ ಅಜ್ಜಂದಿರ ಊರಲ್ಲಿ. ಐನ್ ಸರೀನಲ್ಲಿ ಚಳಿಗಾಲಕ್ಕೆ ಇನ್ನೂರು ಜನ ಇದ್ರೆ ಹೆಚ್ಚು, ತಗೊಳ್ಳೋದು ಸಾವಿರದ ಮುನ್ನೂರರ ಪಾಲು. ಅರ್ಧ ಬ್ರೆಜಿಲಲ್ಲಿದಾರೆ, ಇನ್ನರ್ಧ ಮಣ್ಣಲ್ಲಿದಾರೆ."

ಐನ್ ಸರೀನಿನ ಮುಖ್ತಾರ್ ಅಸ್ಸಾಫ್ ಕುಳಿತಲ್ಲಿಂದಲೇ ಉತ್ತರ ಕೊಟ್ಟಿದ್ದ. ಹುಟ್ಟು ಸಾವುಗಳಿಗೆ ಮುದ್ರೆ ಒತ್ತುವ ಊರ ಹಿರಿಯ, ಎಪ್ಪತ್ತೆಂಟು ದಾಟಿದವನು.

"ನಿನ್ನ ಅರವತ್ತು ಸಾವಿರದಲ್ಲಿ ನಾನೂರು ನಮ್ಮ ಮಕ್ಕಳೇ ಕಣಯ್ಯ. ಬೇಸಿಗೆಗೆ ಬಂದು ನಮ್ಮ ನೀರು ಕುಡೀತಾರೆ. ಸತ್ತಾಗ ಹೊರೋಕೆ ನಮ್ಮ ಹೆಗಲೇ ಬೇಕು. ಹೆಗಲಿಗೂ ಒಂದು ಪಾಲು ಬೇಡ್ವೇ?"

ಇಬ್ಬರದೂ ಸರಿ ಎಂದೇ ವಿದಾದ್‌ಗೆ ಅನ್ನಿಸಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎನ್ನುವಂತಹ ಜಗಳ ಅದಲ್ಲ. ಒಂದೇ ನೊಗದ ಎರಡು ಎತ್ತಿಗೂ ಹಸಿವಾಗಿತ್ತು. ಅವಳಿಗೆ ಹೆಚ್ಚು ನೆನಪುಳಿದದ್ದು ಜಗಳ ಮುಗಿದ ಮೇಲಿನದು. ಶುಕ್ರಿ ಕೂತವನೇ ಸೇಬಿನ ಸಿಪ್ಪೆ ತೆಗೆದು, ತೆಳುವಾಗಿ ಹೆಚ್ಚಿ, ಹಲ್ಲಿಲ್ಲದ ಅಸ್ಸಾಫನ ಮುಂದೆ ತಟ್ಟೆ ಸರಿಸಿದ್ದ. ಮುದುಕ ನೋಡದವನಂತೆ ತಿಂದಿದ್ದ.

ಪತ್ರ ಬರೆದವನು ಹಾಗೆ ಸೇಬು ಹೆಚ್ಚುತ್ತಾನೆಯೇ? ಹೆಚ್ಚಲೂಬಹುದು. ಸೇಬನ್ನು ನಂಬಿ ವರದಿ ಬರೆಯಲಾಗದು.

ಸ್ಮಶಾನದ ಗೋಡೆಯ ಮೇಲೆ ಕುಳಿತು ಅವಳು ಪಟ್ಟಿಯನ್ನು ಮೊದಲಿನಿಂದ ನೋಡಿದಳು. ಇಪ್ಪತ್ತೊಂದು ಕಲ್ಲು ಸಿಕ್ಕಿದ್ದವು. ಹದಿನೇಳು ಸಿಗಲಿಲ್ಲ. ಎಲ್ಲ ಸಾಲುಗಳನ್ನೂ ಎರಡು ಸಲ ಓದಿಯಾಗಿತ್ತು. ಆ ಹದಿನೇಳೂ ಹೆಂಗಸರು. ಪ್ರತಿ ಹೆಸರಿನ ಮುಂದೆ ಇಂಥವನ ಮಗಳು ಎಂದು ತಂದೆಯ ಹೆಸರು, ತಂದೆಯ ಮನೆಯ ಸಂಖ್ಯೆ.

ಸತ್ತಿದ್ದಾರೆ ಎನ್ನುತ್ತದೆ ಪಟ್ಟಿ. ಹಾಗಾದರೆ ಗೋರಿ ಎಲ್ಲಿ?

ವರದಿಯ ಮೊದಲ ಹಾಳೆಯಲ್ಲಿ ವಿಚಾರಣಾಧಿಕಾರಿಯ ದಫ್ತರದ ವಿವರ ಬರೆಯುವ ಜಾಗ ಇನ್ನೂ ಖಾಲಿ ಇತ್ತು. ಅಷ್ಟಾದರೂ ಮುಗಿಯಲಿ ಎಂದು ಕೈಚೀಲದಿಂದ ತನ್ನ ಗುರುತಿನ ಕಾಗದ ತೆಗೆದಳು. ಊರು, ಕಫ್ರ್ ನೂನ್. ಅದು ಗಂಡನ ಊರು. ಮದುವೆಯಾದ ಮೂವತ್ತಮೂರು ವರ್ಷಗಳಲ್ಲಿ ಆ ಊರಿನಲ್ಲಿ ಅವಳು ಮಲಗಿದ್ದು ಹನ್ನೊಂದು ರಾತ್ರಿ. ಗಂಡ ಹೋಗಿ ಒಂಬತ್ತು ವರ್ಷ. ಆದರೂ ಅವಳ ಮತ ಅಲ್ಲಿಗೆ, ಅವಳ ಪಾಲು ಅಲ್ಲಿಗೆ. ಅಜ್ಜಿಯ ತಾರಸಿ ಇದ್ದ ಊರಿನ ದಫ್ತರದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಮದುವೆಯಾಗಿ ಹೋದಳು ಎಂದು ಬರೆದಿರುವುದನ್ನು ಅವಳೇ ಒಮ್ಮೆ ನೋಡಿದ್ದಳು.

ಕಾಗದ ಹಿಡಿದ ಕೈ ಹಾಗೆಯೇ ನಿಂತಿತು.

ಆ ಹದಿನೇಳು ಹೆಂಗಸರಿಗೂ ಹೀಗೆಯೇ ಕೆಂಪು ಗೆರೆ ಬಿದ್ದಿರಬೇಕು. ಬೇರೆ ಊರಿಗೆ ಮದುವೆಯಾಗಿ ಹೋದವರು ಗಂಡನ ಊರಿನ ದಫ್ತರ ಸೇರಿ, ಅಲ್ಲಿಯೇ ಸತ್ತು, ಅಲ್ಲಿಯೇ ಮಣ್ಣಾದವರು. ಐನ್ ಸರೀನಿನ ಎಣಿಕೆಯಲ್ಲಿ ಅವರು ಎಂದೂ ಇರಲೇ ಇಲ್ಲ. ಇಲ್ಲದವರನ್ನು ಕದ್ದಿದ್ದಾರೆ ಎಂದು ದೂರು.

ಹಾಗಾದರೆ ಪತ್ರದವನು ಹೆಸರುಗಳನ್ನು ತೆಗೆದದ್ದು ಸರ್ಕಾರದ ದಫ್ತರದಿಂದಲ್ಲ. ಹೆಣ್ಣುಮಕ್ಕಳನ್ನು ಸತ್ತ ಮೇಲೂ ತಂದೆಯ ಹೆಸರಿನಿಂದಲೇ ಕರೆಯುವ ಇನ್ನೊಂದು ಪುಸ್ತಕ ಎಲ್ಲೋ ಇದೆ.

ಅದು ಎಲ್ಲಿದೆ ಎಂದು ಹೇಳಿದ್ದು ಇಗರ್ಜಿಯ ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು. ಊರಿನಲ್ಲಿ ಯಾರು ಸತ್ತರೂ, ಊರ ಮಗಳು ಯಾವ ದೇಶದಲ್ಲಿ ಸತ್ತರೂ ಸುದ್ದಿ ಬಂದ ದಿನ ಇಲ್ಲಿ ಗಂಟೆ ಬಾರಿಸುತ್ತಾರಂತೆ. ಯಾರಿಗಾಗಿ ಬಾರಿಸಿದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡುತ್ತಾರಂತೆ. ಪಾದ್ರಿ ಭಾನುವಾರ ಮಾತ್ರ ಬರುವುದರಿಂದ ಗಂಟೆ ಹೊಡೆಯುವುದೂ ಬರೆಯುವುದೂ ಮುಖ್ತಾರನೇ. ಕಪಾಟಿನ ಕೀಲಿ ಅವನ ಸೊಂಟದಲ್ಲಿ.

ಕೀಲಿ ಕೇಳಿದಾಗ ಅಸ್ಸಾಫ್ ಯಾಕೆ ಎಂದು ಕೇಳಲಿಲ್ಲ. ಸೊಂಟದಿಂದ ಬಿಚ್ಚಿ ಕೊಟ್ಟ. ಕಪಾಟಿನ ಕೆಳಗಿನ ಬಾಗಿಲು ಬಿಗಿ, ಮಂಡಿ ನೋವಿರುವವರು ಬಗ್ಗಬೇಡಿ, ಸ್ಟೂಲ್ ಹಾಕಿಕೊಳ್ಳಿ ಎಂದ.

ಗಂಟೆಯ ಪುಸ್ತಕದಲ್ಲಿ ಮೂವತ್ತೇಳು ಹೆಸರು ಸಿಕ್ಕವು. ಪತ್ರದಲ್ಲಿದ್ದ ಅದೇ ಕ್ರಮದಲ್ಲಿ, ಒಂದರ ಕೆಳಗೆ ಒಂದು.

ಮೂವತ್ತೆಂಟನೆಯದು ಇರಲಿಲ್ಲ. ಹನ್ನೆರಡು ವರ್ಷದ ಹಿಂದಿನ ಫೆಬ್ರವರಿಯ ಪುಟದಲ್ಲಿ ಒಂದೇ ಒಂದು ಗಂಟೆಯೂ ಬರೆದಿರಲಿಲ್ಲ. ವಿದಾದ್ ಹಿಂದಕ್ಕೆ ತಿರುಗಿಸಿದಳು, ಮುಂದಕ್ಕೆ ತಿರುಗಿಸಿದಳು.

ಶಾಹೀನನ ಮಗಳು ಹಸೀಬಾಗೆ ಗೋರಿ ಇತ್ತು. ಗಂಟೆ ಇರಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಅಸ್ಸಾಫ್ ತನ್ನ ಜಗಲಿಯಲ್ಲಿ ಕುಳಿತು ಒಣಗಿದ ಅವರೆ ಬಿಡಿಸುತ್ತಿದ್ದ. ವಿದಾದ್ ಬಂದದ್ದನ್ನು ನೋಡಿ, ತನ್ನ ಕೆಳಗಿದ್ದ ದಿಂಬನ್ನು ತೆಗೆದು ಎದುರಿನ ಕುರ್ಚಿಗೆ ಹಾಕಿದ. ಕಾಫಿ ಮೊದಲೇ ಕಾಯಿಸಿಟ್ಟಿದ್ದ, ಸಕ್ಕರೆ ಇಲ್ಲದ್ದು, ಅವಳಿಗೆ ಬೇಕಾದ ಹಾಗೆ. ಮೊದಲ ದಿನ ಒಮ್ಮೆ ಹೇಳಿದ್ದಳು ಅಷ್ಟೆ.

ಅವಳು ಕೀಲಿಯನ್ನು ಮೇಜಿನ ಮೇಲಿಟ್ಟಳು. ಅದರ ಪಕ್ಕ ಪತ್ರ.

"ಇದನ್ನ ಬರೆದದ್ದು ನೀವೇ ಅಲ್ವೇ, ಮುಖ್ತಾರರೇ?"

ಅಸ್ಸಾಫ್ ಅವರೆಕಾಯಿಯೊಂದನ್ನು ಪೂರ್ತಿ ಬಿಡಿಸಿ, ಕಾಳನ್ನು ಬಟ್ಟಲಿಗೆ ಹಾಕಿ, ಸಿಪ್ಪೆಯನ್ನು ಪಕ್ಕಕ್ಕಿಟ್ಟ.

"ಕೀಲಿ ಕೊಡುವಾಗಲೇ ಅಂದ್ಕೊಂಡೆ, ಈಕೆ ಕಾಫಿ ಆರೋದ್ರೊಳಗೆ ವಾಪಸ್ ಬರ್ತಾಳೆ ಅಂತ."

"ಕೊಡದೇ ಇರಬಹುದಿತ್ತಲ್ಲ."

"ನಲವತ್ತು ವರ್ಷ ಮುದ್ರೆ ಒತ್ತಿದೀನಿ ತಾಯಿ. ಕೇಳಿದವರಿಗೆ ಪುಸ್ತಕ ಇಲ್ಲ ಅಂದವನಲ್ಲ."

ವಿದಾದ್ ಕಾಫಿ ಕುಡಿದಳು. ಅವಳಿಗೆ ಅರ್ಥವಾಗದೆ ಉಳಿದದ್ದು ಒಂದೇ. ದಫ್ತರದ ಕೆಲಸಕ್ಕೆ ನಿನ್ನೆ ಸೇರಿದ ಗುಮಾಸ್ತನೂ ಮದುವೆಯಾದ ಹೆಣ್ಣನ್ನು ತಂದೆಯ ಮನೆಯಲ್ಲಿ ಎಣಿಸುವುದಿಲ್ಲ. ನಲವತ್ತು ವರ್ಷದ ಮುಖ್ತಾರ ಹದಿನೇಳು ಸಲ ಆ ತಪ್ಪು ಮಾಡಿದ್ದು ಹೇಗೆ? ಅದನ್ನೇ ಕೇಳಿದಳು.

ಅಸ್ಸಾಫನ ಬೋಳು ಒಸಡು ಸ್ವಲ್ಪ ಕಂಡಿತು. ನಾಚಿದ ನಗು.

ಅವನು ಹೇಳಿದ್ದು ಇಷ್ಟು. ಊರಿನಲ್ಲಿ ಸತ್ತವರ ಮಕ್ಕಳಲ್ಲಿ ಮುಕ್ಕಾಲು ಪಾಲು ಪರದೇಶದವರು. ಮಣ್ಣು ಹಾಕಲು ಬರುತ್ತಾರೆ, ಅಳುತ್ತಾರೆ, ವಿಮಾನ ಹತ್ತುತ್ತಾರೆ. ಸಾವಿನ ಕಾಗದಕ್ಕೆ ಸಹಿ ಹಾಕಲು ಯಾರಿಗೂ ನೆನಪಿರುವುದಿಲ್ಲ. ಮೊದಮೊದಲು ಅವನು ಬೆನ್ನು ಹತ್ತಿ ಸಹಿ ಮಾಡಿಸುತ್ತಿದ್ದ. ದವಾಖಾನೆ ಶುರುವಾದ ವರ್ಷ ಒಬ್ಬ ಮಗ ಹೇಳಿದನಂತೆ, ಅವ್ವನ ಹೆಸರು ಇದ್ದರೆ ಇರಲಿ ಬಿಡಿ, ಬದುಕಿದ್ದಾಗ ಊರಿಗೆ ಬೇಕಾದವಳು, ಸತ್ತ ಮೇಲೂ ಒಂದು ಸೂಜಿ ಮದ್ದಿಗಾದರೂ ಆಗಲಿ ಎಂದು. ಅದು ಒಳ್ಳೆಯ ಮಾತಿನ ಹಾಗೆ ಕೇಳಿಸಿತು. ಆಮೇಲೆ ಅವನು ಬೆನ್ನು ಹತ್ತುವುದನ್ನು ನಿಲ್ಲಿಸಿದ.

"ಹಂಗೇ ಇಪ್ಪತ್ತು ಜನ ಆದರು. ನಿಮ್ಮ ಸುತ್ತೋಲೆ ನಾನೂ ಓದಿದೀನಿ. ಇಪ್ಪತ್ತರ ತನಕ ತಿದ್ದುಪಡಿ. ಇದು ಮುದುಕರ ಊರು. ಇನ್ನೊಂದು ಚಳಿಗಾಲ ಕಳೆದ್ರೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗ್ತಿತ್ತು. ಆಮೇಲೆ ಯಾರ ಕೈಲೂ ಏನೂ ಇಲ್ಲ. ಅದಕ್ಕೇ ಈಗಲೇ ಬರೆದೆ, ತಿದ್ದಿಸ್ಕೊಳ್ಳೋಕೆ."

"ನೇರವಾಗಿ ಸಾವಿನ ಕಾಗದಗಳನ್ನೇ ಕಳಿಸಬಹುದಿತ್ತು."

"ಇಪ್ಪತ್ತು ಮನೆಯವರು ನನ್ನ ಜೊತೆ ಮಾತು ಬಿಡ್ತಿದ್ರು. ಊರಿನ ಪಾಲು ಕಡಿಮೆ ಮಾಡಿಸಿದ ಮುಖ್ತಾರ ಅಂತ. ನನ್ನ ಹೆಣ ಹೊರೋಕೂ ನಾಲ್ಕು ಜನ ಬೇಕಲ್ಲ ತಾಯಿ."

ಹದಿನೇಳು ಹೆಂಗಸರನ್ನು ಸೇರಿಸಿದ್ದು ಅದಕ್ಕಾಗಿಯೇ. ದಫ್ತರ ಗೊತ್ತಿಲ್ಲದ ಹೊರಗಿನವನು ಯಾರೋ ಬರೆದಂತೆ ಕಾಣಲಿ ಎಂದು. ಬಂದವರು ಕಡಲ ಕಡೆಗೆ ಬೆರಳು ತೋರಿಸಿ, ಹದಿನೇಳನ್ನು ಹೊಡೆದುಹಾಕಿ, ಇಪ್ಪತ್ತನ್ನು ತಿದ್ದಿ, ಊಟ ಮಾಡಿ ಹೋಗುತ್ತಾರೆ ಎಂದು. ಸೇಬಿನ ತಟ್ಟೆ ನೆನಪಾಯಿತು ವಿದಾದ್‌ಗೆ. ಶುಕ್ರಿಯ ತಲೆಗೆ ಕಟ್ಟಲು ಹೊರಟವನು ಶುಕ್ರಿ ಹೆಚ್ಚಿದ ಸೇಬು ತಿಂದಿದ್ದ.

ಅದು ಅವನಿಗೂ ನೆನಪಿದ್ದಿರಬೇಕು. "ನಿನ್ನೆ ಆ ಸೇಬು ಗಂಟಲಲ್ಲಿ ಇಳೀಲಿಲ್ಲ," ಎಂದ.

"ಇಪ್ಪತ್ತು ಅಂದ್ರಿ," ಎಂದಳು ವಿದಾದ್. "ನನ್ನ ಲೆಕ್ಕಕ್ಕೆ ಇಪ್ಪತ್ತೊಂದು ಸಿಕ್ಕಿದೆ."

"ಇಪ್ಪತ್ತೇ."

"ಇಪ್ಪತ್ತೊಂದು ಗೋರಿ ಎಣಿಸಿದೀನಿ."

"ತಾಯಿ, ನಾನು ಬರೆದದ್ದು ಮೂವತ್ತೇಳು ಹೆಸರು. ಹದಿನೇಳು ಹೋದ್ರೆ ಇಪ್ಪತ್ತು. ಮೂರು ಸಲ ಎಣಿಸಿ ಕಳಿಸಿದೀನಿ. ಒಂದು ಹೆಚ್ಚಾದ್ರೆ ದವಾಖಾನೆ ಹೋಗುತ್ತೆ ಅಂತ ನನಗೆ ಗೊತ್ತಿಲ್ವೇ?"

ಅವಳು ಪತ್ರವನ್ನು ಅವನ ಕಡೆ ತಿರುಗಿಸಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟಳು. ಕಚೇರಿಯಲ್ಲಿ ಮೊದಲು ನೋಡಿದಾಗಲೇ ಆ ಸಾಲಿನ ಶಾಯಿ ಉಳಿದವುಗಳಿಗಿಂತ ನೀಲಿ ಅನ್ನಿಸಿತ್ತು. ಪೆನ್ನು ಮುಗಿದು ಬೇರೆ ತೆಗೆದುಕೊಂಡಿರಬೇಕು ಎಂದು ಬಿಟ್ಟಿದ್ದಳು. ಈಗ ಅಕ್ಷರವೂ ಬೇರೆಯಾಗಿ ಕಂಡಿತು. ಮೇಲಿನವು ಮುದುಕನ ಕೈಯ ಕೋನಾಕೃತಿ. ಇದು ದುಂಡಗೆ, ಶಾಲೆಯ ಕಾಪಿ ಬರೆದ ಹಾಗೆ.

ಅಸ್ಸಾಫ್ ಕನ್ನಡಕ ಹಾಕಿಕೊಂಡ. ಓದಿದ. ಅವರೆ ಬಿಡಿಸುತ್ತಿದ್ದ ಬೆರಳುಗಳು ನಿಂತವು. ಜಗಲಿಯ ಕೆಳಗೆ ಕೋಳಿಯೊಂದು ಮಣ್ಣು ಕೆದರುವುದು ಕೇಳಿಸುತ್ತಿತ್ತು.

"ಇದು ನಾನು ಬರೆದದ್ದಲ್ಲ."

"ಪತ್ರ ಅಂಚೆಗೆ ಹಾಕಿದವರು ಯಾರು?"

"ನುಹಾದ್. ಮಂಗಳವಾರ ಔಷಧಿ ತರೋಕೆ ಕೆಳಗೆ ಹೋಗ್ತಾಳಲ್ಲ. ಲಕೋಟೆಗೆ ಅಂಟು ಇರಲಿಲ್ಲ, ನೀನೇ ಅಂಟಿಸಿ ಹಾಕಮ್ಮ ಅಂದಿದ್ದೆ. ಪಾಪ, ಒಳಗೇನಿದೆ ಅಂತ ಅವಳಿಗೆ ಗೊತ್ತಿಲ್ಲ." ಹೇಳಿ ಮುಗಿಸುವಷ್ಟರಲ್ಲಿ ಆ ಮಾತನ್ನು ಅವನೇ ನಂಬದಂತಾಗಿದ್ದ.

ದವಾಖಾನೆಯ ದಾದಿ ತನ್ನ ದವಾಖಾನೆಗೇ ಬೀಗ ಬೀಳುವ ಹೆಸರನ್ನು ಯಾಕೆ ಬರೆಯುತ್ತಾಳೆ? ವಿದಾದ್ ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟಳು. ಮೊದಲು ಕೇಳಬೇಕಾದದ್ದು ಬೇರೆ ಇತ್ತು.

"ಈ ಹಸೀಬಾ ಯಾರು, ಮುಖ್ತಾರರೇ?"

ಶಾಹೀನನ ಒಬ್ಬಳೇ ಮಗಳು, ಮದುವೆಯಾಗಲಿಲ್ಲ ಎಂದ. ಯಾರಿಗೆ ಜ್ವರ ಬಂದರೂ ರಾತ್ರಿ ಕೂರುವವಳು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಕಿಶ್ಕ್ ಮಾಡುತ್ತಿದ್ದಳು. ಹುರಿದ ಸೋಂಪನ್ನು ಕುಟ್ಟಿ ಅದರೊಳಗೆ ಸೇರಿಸುತ್ತಿದ್ದಳು. ಹಾಗೆ ಯಾರೂ ಮಾಡುವುದಿಲ್ಲ, ಊರವರೆಲ್ಲ ನಕ್ಕು, ಆಮೇಲೆ ಅದನ್ನೇ ಕೇಳಿ ಕೇಳಿ ತಿನ್ನುತ್ತಿದ್ದರು. ಅವಳ ನಂತರ ಆ ರುಚಿ ಮತ್ತೆ ಬರಲಿಲ್ಲ. ಹನ್ನೆರಡು ವರ್ಷದ ಹಿಂದೆ ದೊಡ್ಡ ಹಿಮ ಬಿತ್ತಲ್ಲ, ಆಗ ಹೋದಳು.

"ಅವಳಿಗೆ ನೀವು ಗಂಟೆ ಹೊಡೆದಿಲ್ಲ."

"ಹಗ್ಗಕ್ಕೆ ಮಂಜು ಹಿಡಿದಿತ್ತು."

"ಮಂಜು ಕರಗಿದ ಮೇಲೆ?"

ಅಸ್ಸಾಫ್ ಬಟ್ಟಲಿನ ಕಾಳನ್ನು ಬೆರಳಿನಿಂದ ಸರಿಸಿದ.

"ಬ್ರೆಜಿಲಲ್ಲಿ ಸತ್ತವಳಿಗೆ ಇಲ್ಲಿ ಗಂಟೆ ಹೊಡೆದಿದೀರಿ. ಇಲ್ಲೇ, ಐವತ್ತು ಹೆಜ್ಜೆ ದೂರದಲ್ಲಿ ಮಣ್ಣಾದವಳಿಗೆ ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೊಡೆದಿಲ್ಲ. ಕಾಗದದಲ್ಲಿ ಸತ್ತವರನ್ನ ಬದುಕಿಸಿಟ್ಟ ಕೈಗೂ ಸುಳ್ಳು ಗಂಟೆ ಹೊಡೆಯೋಕೆ ಆಗಲಿಲ್ಲ ಅಂತ ನನಗನ್ನಿಸುತ್ತೆ." ವಿದಾದ್ ದನಿ ಏರಿಸಲಿಲ್ಲ. "ಆ ಕಲ್ಲಿನ ಕೆಳಗೆ ಯಾರಿದಾರೆ?"

ಮುದುಕ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿದ. ಬಹಳ ಹೊತ್ತು ಒರೆಸಿದ. ಅವನು ಒಂದು ಮಾತು ಹೇಳಿದರೆ ಇಪ್ಪತ್ತೊಂದು ಇಪ್ಪತ್ತಾಗುತ್ತಿತ್ತು. ದವಾಖಾನೆ ಉಳಿಯುತ್ತಿತ್ತು. ಅದಕ್ಕಾಗಿಯೇ ಅಲ್ಲವೇ ಅವನು ಇಷ್ಟೆಲ್ಲ ಮಾಡಿದ್ದು.

"ಇಪ್ಪತ್ತೊಂದು ಅಂತ ಬರ್ಕೊಳ್ಳಿ," ಎಂದ ಅಸ್ಸಾಫ್.

"ದವಾಖಾನೆ?"

"ಹೋಗಲಿ. ಕೊಟ್ಟ ಮಾತು ಹೋಗಬಾರದು."

ಅವನು ಒಳಗೆ ಹೋಗಿ ಮುದ್ರೆಯನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟ. ಕಾಫಿಯ ಲೋಟ ತೆಗೆದುಕೊಂಡು ಹೋದ. ವಿದಾದ್ ಎದ್ದಾಗ, ಮೆಟ್ಟಿಲು ಸವೆದಿದೆ, ಎಡಗಡೆ ಕಾಲಿಡಿ ಎಂದು ಒಳಗಿನಿಂದಲೇ ಹೇಳಿದ. ಮುದ್ರೆಯನ್ನು ಅವಳು ಮುಟ್ಟಲಿಲ್ಲ.

ದವಾಖಾನೆಯಲ್ಲಿ ನುಹಾದ್ ಒಬ್ಬ ಮುದುಕಿಯ ಎದೆ ಪರೀಕ್ಷಿಸುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು. ಸ್ಟೆತಾಸ್ಕೋಪಿನ ತಣ್ಣಗಿನ ಬಿಲ್ಲೆ ಎದೆಗೆ ತಾಗಿ ಮುದುಕಿ ಬೆಚ್ಚದಿರಲೆಂದು ಅದನ್ನು ಅಂಗೈಯಲ್ಲಿ ಹಿಡಿದು ಕಾಯಿಸಿಕೊಂಡು ಆಮೇಲೆ ಇಟ್ಟಳು. ವಿದಾದ್ ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತಳು. ಗೋಡೆಯ ಮೇಲೆ ಔಷಧಿ ಬಂದ ದಿನ, ಮುಗಿದ ದಿನ ಬರೆದ ಹಾಳೆಗಳು ತೂಗುತ್ತಿದ್ದವು. ನೀಲಿ ಶಾಯಿ. ದುಂಡಗಿನ ಅಕ್ಷರ.

ಮುದುಕಿಯನ್ನು ಕೈಹಿಡಿದು ಮೆಟ್ಟಿಲು ಇಳಿಸಿ ಬಂದು ನುಹಾದ್ ಕೈ ತೊಳೆದಳು.

"ಮುಖ್ತಾರರ ಮನೆಯಿಂದ ಬರ್ತಿದೀರಿ," ಎಂದಳು.

"ಹೌದು."

"ಎಷ್ಟು ಬರ್ಕೊಂಡ್ರಿ?"

"ಇನ್ನೂ ಬರೆದಿಲ್ಲ." ವಿದಾದ್ ಗೋಡೆಯ ಹಾಳೆಯ ಕಡೆ ನೋಡಿದಳು. "ಕೊನೆಯ ಹೆಸರು ನಿಮ್ಮ ಕೈಯದು. ನಿಮ್ಮ ದವಾಖಾನೆಯನ್ನ ನೀವೇ ಯಾಕೆ ಮುಚ್ಚಿಸ್ತೀರಿ ಅಂತ ತಿಳೀಲಿಲ್ಲ."

ನುಹಾದ್ ಕೈ ಒರೆಸಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಒಲೆಯ ಪಕ್ಕದ ಮೊಳೆಗೆ ಹಾಕಿದಳು.

"ಕೈ ನನ್ನದು. ಹೇಳಿ ಬರೆಸಿದವರು ಬೇರೆ," ಎಂದಳು. "ಹನ್ನೆರಡು ವರ್ಷ ಸಾಕು, ಯಾರಾದ್ರೂ ಬಂದು ಆ ಕಲ್ಲಿನ ಮುಂದೆ ನಿಂತು ನೋಡಬೇಕು ಅಂದ್ರು. ಇಪ್ಪತ್ತರ ನಿಯಮ ನಮಗಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ನಿನ್ನೆ ನೀವು ಹೇಳಿದಾಗ."

"ಯಾರು ಅಂದದ್ದು?"

ಒಲೆಯ ಮೇಲೆ ಮುಚ್ಚಳ ಹಾಕಿದ ತಗಡಿನ ಡಬ್ಬಿಯೊಂದಿತ್ತು. ನುಹಾದ್ ಅದನ್ನು ಬಟ್ಟೆಯಿಂದ ಹಿಡಿದು ಕೆಳಗಿಳಿಸಿ ಮುಚ್ಚಳ ತೆಗೆದಳು. ಬಿಸಿ ಕಿಶ್ಕ್ ಗಂಜಿ, ಮೇಲೆ ಹುರಿದ ಬೆಳ್ಳುಳ್ಳಿ. ಅಜ್ಜಿಯ ತಾರಸಿಯ ಹುಳಿ ವಾಸನೆ ಕೋಣೆಯ ತುಂಬ ಎದ್ದಿತು. ಆ ಹುಳಿಯ ಹಿಂದೆಯೇ ಇನ್ನೊಂದು, ಅಜ್ಜಿಯ ಮನೆಯಲ್ಲಿ ಎಂದೂ ಇಲ್ಲದ್ದು.

ಹುರಿದು ಕುಟ್ಟಿದ ಸೋಂಪು.

ವಿದಾದ್ ಕಿಟಕಿಯಾಚೆ ನೋಡಿದಳು. ದಿಬ್ಬದ ಮೇಲಿನ ರೇಷ್ಮೆ ಕಾರ್ಖಾನೆಯ ತಾರಸಿಯಿಂದ ಬಿಳಿ ಬಟ್ಟೆಯನ್ನು ಯಾರೋ ಆಗಲೇ ಎತ್ತಿಕೊಂಡಿದ್ದರು.

"ಕೋಲು ನೀವೇ ಇಟ್ಕೊಳ್ಳಬೇಕಂತೆ," ಎಂದಳು ನುಹಾದ್, ಡಬ್ಬಿಗೆ ಬಟ್ಟೆ ಸುತ್ತುತ್ತ. ದನಿ ಮಾಮೂಲಿನಂತೆಯೇ ಇತ್ತು, ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ. "ಬೆಳಿಗ್ಗೆ ನನ್ನ ಗೋರಿ ಹತ್ತಿರ ಬಹಳ ಹೊತ್ತು ನಿಂತಿದ್ಲು ಆಯಮ್ಮ, ಚಳಿ ಹಿಡಿದಿರುತ್ತೆ, ಬಿಸಿ ಇರುವಾಗಲೇ ಕೊಡು ಅಂದ್ರು."

ಒಂದು ರೊಟ್ಟಿಯನ್ನು ಮಡಚಿ ಮೇಲಿಟ್ಟು, ಚಮಚವನ್ನು ಬಟ್ಟೆಯ ತುದಿಯಲ್ಲಿ ಒರೆಸಿ, ಅವಳು ಡಬ್ಬಿಯನ್ನು ವಿದಾದ್‌ಳ ಎರಡು ಕೈಗಳ ನಡುವೆ ಇಟ್ಟಳು.